ಮುನ್ನೂರ ಎಪ್ಪತ್ತೇಳನೇ ನಂಬರಿನ ಸೆಲ್ಲು

ವಿರಾಜಪೇಟೆಯ ಗಡಿಯಾರ ಕಂಬದಿಂದ ನಾಲ್ಕು ಅಂಗಡಿ ಆಚೆ
ಚಪ್ಪಲಿ ಅಂಗಡಿಯ ಜಗುಲಿಯಲ್ಲಿ
ಗಾಜಿನ ಪೆಟ್ಟಿಗೆ, ಒಂದು ಟೇಬಲ್ ಲ್ಯಾಂಪು, ನಾನು.
ಬೋರ್ಡಿನಲ್ಲಿ ಈಗಲೂ ಗಂಡನ ಹೆಸರು.
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿದರೆ
ಎದುರಿನವರ ಮುಖ ಕಾಣುವುದಿಲ್ಲ; ಅದೊಂದು ಅನುಕೂಲ.

ಮದುವೆಯ ಹಿಂದಿನ ದಿನ ಬಂದರು ಇಬ್ಬರು:
ಮದುಮಗ ಬಿದ್ದಪ್ಪ, ಅವನ ಬೊಜಕಾರ ಜೋಯಪ್ಪ.
ಎರಡು ವಾಚು, ಎರಡೂ ನಿಂತಿವೆ, ಎರಡೂ ತೆಳುವು,
ಅಂಗಿಯ ಕಫ್ಫಿನಡಿ ಸರಕ್ಕನೆ ಜಾರಿ ಕೂರುವಂಥವು.
ಕುಪ್ಯ ತೊಟ್ಟ ದಿನ
ಬೆಲ್ಲದಚ್ಚಿನಂಥ ವಾಚು ಕಟ್ಟಿದರೆ ಚೆನ್ನವೇ?

ಒಂದು, ಸೋದರಮಾವ ಜಿನೀವಾದಿಂದ ತಂದದ್ದು, ಎರಡೂವರೆ ಲಕ್ಷ.
ಬೆಲೆಯನ್ನು ಬಿದ್ದಪ್ಪ ಹೇಳಲಿಲ್ಲ; ಜೋಯಪ್ಪ ಹೇಳಿದ.
ಇನ್ನೊಂದು, ಮೈಸೂರಿನ ಬಸ್ ಸ್ಟ್ಯಾಂಡಿನೆದುರು
ಚೌಕಾಸಿ ಮಾಡಿ ಒಂಬೈನೂರಕ್ಕೆ ಕೊಂಡದ್ದು.
ಅದನ್ನೂ ಜೋಯಪ್ಪನೇ ಹೇಳಿದ.

ಮೊದಲು ಅಗ್ಗದ್ದರ ಬೆನ್ನು ತೆಗೆದೆ.
ಒಳಗೆ ಬಿಳಿ ಪ್ಲಾಸ್ಟಿಕ್ಕಿನ ಬಳೆ, ನಡುವೆ
ಉಗುರಗಲದ ಯಂತ್ರ, ಮಿಕ್ಕದ್ದೆಲ್ಲ ಖಾಲಿ ಜಾಗ,
ದೊಡ್ಡ ಛತ್ರದಲ್ಲಿ ಒಬ್ಬನೇ ಅಡುಗೆಯವನ ಹಾಗೆ.
ಕೆಟ್ಟರೆ ರಿಪೇರಿಯಿಲ್ಲ; ಇಡಿಯಾಗಿ ಕಿತ್ತು
ಇನ್ನೂರು ರೂಪಾಯಿಯ ಹೊಸದನ್ನು ಕೂರಿಸುವುದು.

ಆಮೇಲೆ ಇನ್ನೊಂದು. ಸುಳ್ಳು ಯಾಕೆ,
ಕೈ ಒರೆಸಿಕೊಂಡೆ.
ಯಾರೂ ನೋಡದ ಒಳಮೈಯ ತಗಡಿನ ಮೇಲೂ
ಎಣ್ಣೆ ಹಚ್ಚಿ ಬಾಚಿದ ಕೂದಲಂಥ ಗೆರೆಗಳು;
ಏಳು ಕೆಂಪು ಹರಳು; ತಿರುಪಿನ ತಲೆ ನೀಲಿ.
ಮಾಡಿದವನಿಗೆ ಗೊತ್ತಿತ್ತು
ಎಲ್ಲೋ ಒಂದು ಊರಿನಲ್ಲಿ, ಚಪ್ಪಲಿಗಳ ವಾಸನೆಯ ನಡುವೆ,
ನನ್ನಂಥವಳೊಬ್ಬಳು ತೆರೆದು ನೋಡುವಳೆಂದು.

ಅಕ್ಕಿಕಾಳಿಗಿಂತ ಸಣ್ಣ ಸ್ಫಟಿಕದ ಕವೆ ಎರಡರಲ್ಲೂ.
ಸೆಕೆಂಡಿಗೆ ಮೂವತ್ತೆರಡು ಸಾವಿರದ ಏಳುನೂರ ಅರವತ್ತೆಂಟು ಸಲ
ನಡುಗುತ್ತದೆ, ಯಾರ ಕೈಯಲ್ಲಿದ್ದರೂ.
ಚಳಿಗೆ ತುಸು ಲೆಕ್ಕ ತಪ್ಪುತ್ತದೆ.
ದುಬಾರಿಯದು ಆ ತಪ್ಪನ್ನೂ ಬರೆದಿಟ್ಟು ತಿದ್ದಿಕೊಳ್ಳುತ್ತದೆ,
ಅಗ್ಗದ್ದು ಹೋಗಲಿ ಬಿಡು ಅನ್ನುತ್ತದೆ.
ಬೇಕಾದ ಸೆಲ್ಲು ಮಾತ್ರ ಒಂದೇ: ಮುನ್ನೂರ ಎಪ್ಪತ್ತೇಳು.
ಒಂದೇ ಹಾಳೆಯಿಂದ ಎರಡನ್ನು ಚಿವುಟಿದೆ.

"ಎಷ್ಟಾಯ್ತು?"
"ಎಂಬತ್ತು. ಎಂಬತ್ತು."
ಭೂತಗನ್ನಡಿ ತೆಗೆದಿದ್ದೆ; ಬಿದ್ದಪ್ಪನ ಮುಖ ಕಂಡಿತು.
ಎಂಟುನೂರು ಅಂದಿದ್ದರೆ ನೆಮ್ಮದಿಯಿಂದ ಕೊಡುತ್ತಿದ್ದ.
"ಒರಿಜಿನಲ್ ತಾನೇ, ಅಕ್ಕ?"
ಸೆಲ್ಲನ್ನು ಕೇಳಿದನೋ, ವಾಚನ್ನೋ.
"ಮಾವ ಒರಿಜಿನಲ್ ಆದರೆ ಇದೂ" ಅಂದ ಜೋಯಪ್ಪ.

ರೇಡಿಯೊ ಬೀಪಿಗೆ ಎರಡನ್ನೂ ಒಟ್ಟಿಗೆ ಬಿಟ್ಟೆ.
ದುಬಾರಿಯ ಮುಳ್ಳು ಪ್ರತಿ ಗೆರೆಯ ನೆತ್ತಿಗೇ ಬೀಳುತ್ತಿತ್ತು.
ಅಗ್ಗದ್ದರದು ಕೂದಲಷ್ಟು ಆಚೆ,
ಕರೆಂಟು ಹೋದಾಗ ಮೆಟ್ಟಿಲು ತಡವಿ ಇಳಿಯುವವರಂತೆ.

ಮರುದಿನ ಕೊಡವ ಸಮಾಜಕ್ಕೆ ನಾನೂ ಹೋದೆ.
ಗಂಗಾಪೂಜೆ. ತಲೆಯ ಮೇಲೆ ನೀರಿನ ಕೊಡ ಹೊತ್ತ ದೇಚಮ್ಮನ
ದಾರಿಗಡ್ಡ ನೆಂಟರು ವಾಲಗಕ್ಕೆ ಕುಣಿದರು,
ಮುಂದಕ್ಕೆ ಅರ್ಧ ಹೆಜ್ಜೆ, ಹಿಂದಕ್ಕೆ ಒಂದು.
ಒಂದು ಗಂಟೆಯಾಯಿತು. ಒಂದೂವರೆ.
ಸೋದರಮಾವನಂತೂ ಬ್ರಾಂದಿ ಗ್ಲಾಸು ಚೆಲ್ಲದೆ ಕುಣಿಯುತ್ತಿದ್ದ.
ಮೆಟ್ಟಿಲ ಮೇಲಿಂದ ಬಿದ್ದಪ್ಪ ಕಫ್ಫು ಸರಿಸಿ ನೋಡಿದ,
ಪಕ್ಕದಲ್ಲಿ ಜೋಯಪ್ಪನೂ.
ನಾನು ಕೂಡಿಸಿದ ಎರಡು ಸಮಯವೂ
ಕರಾರುವಾಕ್ಕಾಗಿ ನಡೆಯುತ್ತಿದ್ದವು, ಯಾರಿಗೂ ಬೇಡವಾಗಿ.
ಕತ್ತು ಅಲುಗಿಸದೆ ದೇಚಮ್ಮ ಕೇಳಿದಳು, "ಗಂಟೆ ಎಷ್ಟು?"
ಯಾರೋ ಅಂದರು, "ಕುಣಿತ ಮುಗಿದ ಮೇಲೆ ಹೇಳುತ್ತೇವೆ."

ವರ್ಷದ ಮೇಲೆ ಜೋಯಪ್ಪ ಬಂದ.
ಸ್ಟ್ರಾಪಿಗೆ ಬೂಷ್ಟು, ಗಾಜಿಗೆ ಗೀರು, ಮೂರು ನಿಮಿಷ ಮುಂದೆ.
ತಿದ್ದಲು ಕೀಲಿ ಎಳೆದೆ.
"ಬೇಡ ಅಕ್ಕ, ಕೈ ಅದಕ್ಕೇ ಹೊಂದಿದೆ."
ಸ್ಟ್ರಾಪು ಮಾತ್ರ ಬದಲಿಸಿದೆ.

ದುಬಾರಿಯದು ಮತ್ತೆ ಬರಲಿಲ್ಲ.
ಯಾವುದೋ ಮಖಮಲ್ಲಿನ ಪೆಟ್ಟಿಗೆಯಲ್ಲಿ
ನಾಲ್ಕು ಸೆಕೆಂಡು ತಪ್ಪಿರಬಹುದು.
ಆ ಬಾಚಿದ ಗೆರೆಗಳು ಒಮ್ಮೊಮ್ಮೆ
ಅಂಗಡಿ ಮುಚ್ಚುವ ಹೊತ್ತಿಗೆ ನೆನಪಾಗುತ್ತವೆ.

ನನ್ನ ಮನೆ ಬಿಟ್ಟಂಗಾಲದಲ್ಲಿ.
ಗೋಣಿಕೊಪ್ಪದ ಆರೂಕಾಲಿನ ಬಸ್ಸಿಗೆ ಜೋಯಪ್ಪನೇ ಕಂಡಕ್ಟರು.
ಆರೂ ಹನ್ನೆರಡಕ್ಕೇ ಹೋಗಿ ನಿಂತಿರುತ್ತೇನೆ.